ಹೆದ್ದಾರಿಯ ಮೇಲೆ ಹುರುಳಿ

ಶಿರಹಟ್ಟಿಯಿಂದ ಬೆಳ್ಳಟ್ಟಿ ದಾಟಿ ಮುಂಡರಗಿಯತ್ತ ಹೋಗುವಾಗ ಕೊಡ್ಲಿಗಟ್ಟಿ ಎಂಬ ಊರು ಸಿಗುತ್ತದೆ. ಅದರೊಳಗೆ ಹಾಯುವ ರಸ್ತೆ ಹೋದ ವರ್ಷ ರಾಜ್ಯ ಹೆದ್ದಾರಿಯಾಯಿತು. ರಾಜ್ಯದಲ್ಲಿ ಇದಕ್ಕಿಂತ ಗಿಡ್ಡ ಹೆದ್ದಾರಿ ಇರಲಾರದು. ಬಸ್ಸಿನ ಕಂಡಕ್ಟರು ಈ ತುದಿಯಲ್ಲಿ ಸೀನಲು ಬಾಯಿ ತೆರೆದರೆ ಸೀನು ಬೀಳುವುದು ಆ ತುದಿಯಲ್ಲಿ.

ಹೆಸರು ಬದಲಾದ ಮೇಲೂ ರಸ್ತೆಯಲ್ಲಿ ಏನೂ ಬದಲಾಗಲಿಲ್ಲ. ಅದೇ ತಗ್ಗು, ಅದೇ ಎಮ್ಮೆ, ತಿರುವಿನಲ್ಲಿ ಅದೇ ಲಾಡಸಾಬನ ಪಂಕ್ಚರ್ ಅಂಗಡಿ. ಬದಲಾದವನು ಮುತ್ತಣ್ಣ ಒಬ್ಬನೇ.

ಮುತ್ತಣ್ಣ ಹಗ್ಗ, ದನ ಕಟ್ಟುವ ದಾವಣಿ, ಬಾರಕೋಲು, ಬುಟ್ಟಿ ಮಾರುತ್ತಿದ್ದ. ಒಳ್ಳೆಯ ಮನುಷ್ಯ. ಅವನ ದೋಷ ಒಂದೇ, ಯಾರು ಏನು ಕೇಳಿದರೂ ಮೊದಲು ಹೂಂ ಅನ್ನುತ್ತಿದ್ದ, ಆಮೇಲೆ ಏನು ಕೇಳಿದಿರಿ ಅನ್ನುತ್ತಿದ್ದ. ಹೀಗೆ ಅವನು ಒಮ್ಮೆ ತನಗೆ ಬೇಡದ ಎತ್ತು ಕೊಂಡಿದ್ದ, ಎರಡು ಸಲ ಜಾಮೀನು ನಿಂತಿದ್ದ. ಮದುವೆಯೂ ಹಾಗೆಯೇ ಆಗಿದ್ದು ಎಂದು ಹೆಂಡತಿ ಶಾರದವ್ವ ಹೇಳುತ್ತಾಳೆ.

ಒಂದು ಮುಂಜಾನೆ ರಸ್ತೆ ಅಳೆಯುವವರು ಬಸ್ಸಿನಿಂದ ಇಳಿದರು. ಟೇಪಿನ ಎರಡು ತುದಿಗೆ ಇಬ್ಬರು, ಬರೆದುಕೊಳ್ಳಲು ಒಬ್ಬ, ಹೀಗೆ ಮೂವರು ಬೇಕು. ಬಂದವರು ಇಬ್ಬರೇ. ಮೂರನೆಯವನು ಶಿರಹಟ್ಟಿ ನಿಲ್ದಾಣದಲ್ಲಿ ಗಿರ್ಮಿಟ್ಟು ತಿನ್ನಲು ಇಳಿದವನು ಅಲ್ಲಿಯೇ ಉಳಿದಿದ್ದ. ಅವರು ಸುತ್ತ ನೋಡಿದರು. ಮುತ್ತಣ್ಣ ಆಗತಾನೇ ಅಂಗಡಿಯ ಬಾಗಿಲು ತೆರೆಯುತ್ತಿದ್ದ.

"ಯಜಮಾನ್ರ, ಈ ತುದಿ ಒಂಚೂರು ಹಿಡೀತೀರೇನ್ರಿ?"

"ಹೂಂ," ಅಂದ ಮುತ್ತಣ್ಣ.

ಲಾರಿ ಓಡಾಡುವ ದಾರಿ ಎಂದು ಅವನಿಗೆ ಒಂದು ಕಿತ್ತಳೆ ಬಣ್ಣದ ಜಾಕೀಟು ತೊಡಿಸಿದರು. ಎದೆಯ ಮೇಲೆ, ಬೆನ್ನ ಮೇಲೆ ಹೊಳೆಯುವ ಪಟ್ಟಿ. ಮಧ್ಯಾಹ್ನದ ತನಕ ಅವನು ಟೇಪಿನ ತುದಿ ಹಿಡಿದು, ಹೇಳಿದಲ್ಲಿ ನಿಂತು, ಹೇಳಿದಲ್ಲಿ ಕುಕ್ಕರಗಾಲಲ್ಲಿ ಕುಳಿತ. ಅಳತೆ ಮುಗಿಯುವುದಕ್ಕೂ ಗದಗಿನ ಬಸ್ಸು ಬರುವುದಕ್ಕೂ ಸರಿಹೋಯಿತು. ಇಬ್ಬರೂ ಓಡಿ ಹತ್ತಿದರು. ಜಾಕೀಟು ಮುತ್ತಣ್ಣನ ಮೈಮೇಲೆ ಉಳಿಯಿತು.

ಲಾಡಸಾಬ ಟ್ಯೂಬನ್ನು ನೀರಿನಲ್ಲಿ ಅದ್ದುವುದನ್ನು ಬಿಟ್ಟು ಕೂಗಿದ:

"ಏನಲೇ ಮುತ್ತಣ್ಣಾ, ಸರಕಾರ ಸೇರಿಬಿಟ್ಟೇನು?"

ಇಲ್ಲ ಎನ್ನುವುದು ಸಣ್ಣ ಮಾತು. ಆದರೆ ಅಷ್ಟರಲ್ಲಿ ಚಹಾದಂಗಡಿಯ ಮುಂದೆ ಕುಳಿತಿದ್ದವರೆಲ್ಲ ತಿರುಗಿ ನೋಡಿದ್ದರು. ಮುತ್ತಣ್ಣನನ್ನು ಅಷ್ಟು ಜನ ಒಟ್ಟಿಗೆ ನೋಡಿದ್ದು ಅವನ ಮದುವೆಯಲ್ಲಿ ಮಾತ್ರ, ಅಲ್ಲಿಯೂ ಹೆಚ್ಚಿನವರು ಊಟದ ಕಡೆ ನೋಡುತ್ತಿದ್ದರು.

"ಸದ್ಯಕ್ಕ ರಸ್ತೇದಷ್ಟ," ಅಂದ.

ಮನೆಯಲ್ಲಿ ಶಾರದವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರಿ ಇದು? ಕಾರಹುಣ್ಣಿವಿಗೆ ಸಿಂಗರಿಸಿದ ಎತ್ತಿನಂಗ ಕಾಣಾಕತ್ತೀರಿ."

"ಇಲಾಖೇದು. ಲೋಕೋಪಯೋಗಿ."

"ಲೋಕಕ್ಕ ಆಮ್ಯಾಲ ಉಪಯೋಗ ಆಗೂರಂತ. ಮನಿ ಮುಂದಿನ ಗಟಾರ ತುಂಬಿ ನಿಂತೈತಿ, ಮೊದಲ ಅದನ್ನ ತಗೀರಿ."

"ಗಟಾರ ನನ್ನ ಖಾತೆಗೆ ಬರಂಗಿಲ್ಲ," ಅಂದ ಮುತ್ತಣ್ಣ. ಒಂದು ಹೊತ್ತಿನಲ್ಲಿ ಅವನು ಇಷ್ಟು ಕಲಿತಿದ್ದ.

ಮರುದಿನದಿಂದ ಊರಿನವರು ಜಾಕೀಟಿನ ಹತ್ತಿರ ಬರತೊಡಗಿದರು. ಒಬ್ಬನಿಗೆ ರಸ್ತೆ ಅಗಲವಾದರೂ ತನ್ನ ಮನೆಯ ಕಟ್ಟೆ ಒಡೆಯಬಾರದು. ಇನ್ನೊಬ್ಬನಿಗೆ ಎದುರು ಮನೆಯವನ ಕಟ್ಟೆ ಒಡೆಯಬೇಕು. ಲಾಡಸಾಬ ಚಹಾ ತರಿಸಿ ಮೆಲ್ಲಗೆ ಕೇಳಿದ:

"ಮುತ್ತಣ್ಣಾರ, ನಮ್ಮ ಅಂಗಡಿ ಮುಂದೊಂದು ಹಂಪು ಹಾಕಸ್ರಿ. ಚೂಪಂದು."

"ಚೂಪಂದ್ಯಾಕೋ?"

"ಗಾಡಿ ಸಾವಕಾಶ ಹೋಗ್ಲಿ ಅಂತ್ರಿ. ಜನರ ಜೀವದ ಪ್ರಶ್ನಾ."

ಮುತ್ತಣ್ಣ ಎಲ್ಲರಿಗೂ ಹೂಂ ಅಂದ. ಮೊದಲು ಅವನ ಹೂಂ ಅಂದರೆ ಊರಿಗೆ ನಗೆ. ಈಗ ಅದು ಮಂಜೂರಾತಿ.

ನಮ್ಮ ಕಡೆ ರಸ್ತೆಗೆ ಇನ್ನೊಂದು ಕೆಲಸವಿದೆ. ಮೊದಲೆಲ್ಲ ಹೊಲದಲ್ಲಿ ಕಣ ಮಾಡಿ, ಎತ್ತು ಕಟ್ಟಿ ಒಕ್ಕುತ್ತಿದ್ದರು. ಈಗ ಕಟಾವು ಮಾಡಿದ ಹುರುಳಿಯನ್ನೋ ತೊಗರಿಯನ್ನೋ ಬಳ್ಳಿ, ಕಡ್ಡಿ ಸಮೇತ ಡಾಂಬರಿನ ಮೇಲೆ ಹರವುತ್ತಾರೆ. ಬಸ್ಸು ಲಾರಿಗಳು ಅದರ ಮೇಲೆ ಹಾಯುತ್ತವೆ, ಕಾಯಿ ಒಡೆಯುತ್ತದೆ, ಸಂಜೆಗೆ ಗುಡಿಸಿ ತೂರಿ ಮನೆಗೆ ಒಯ್ಯುತ್ತಾರೆ. ಇದು ಅಪರಾಧ ಎಂದು ಎಲ್ಲರಿಗೂ ಗೊತ್ತು. ಪುಕ್ಕಟೆ ಎಂದೂ ಗೊತ್ತು. ಕೊಡ್ಲಿಗಟ್ಟಿಯಲ್ಲಿ ಯಾರು ಎಲ್ಲಿ ಹರವಬೇಕು ಎನ್ನುವುದು ಹಿಂದಿನಿಂದ ನಡೆದು ಬಂದಿತ್ತು, ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಈಗ ರಾಜ್ಯ ಹೆದ್ದಾರಿ. ಹೆದ್ದಾರಿಯವನು ಊರಲ್ಲೇ ಇರುವಾಗ ಕೇಳದೆ ಹರವುವುದು ಹೇಗೆ?

ಹಾಗಾಗಿ ಮುತ್ತಣ್ಣ ರಸ್ತೆ ಹಂಚಿದ. ಇವರಿಗೆ ಸೋಮವಾರ ಶಾಲೆಯ ಮುಂದೆ, ಅವರಿಗೆ ಮಂಗಳವಾರ ಬಾವಿಯ ಹತ್ತಿರ. ಬಗ್ಗಿ ಕೇಳಿದವರಿಗೆ ಮೊದಲ ದಿನ ಸಿಕ್ಕಿತು.

ಗದಿಗೆವ್ವ ಬಗ್ಗಿ ಕೇಳಲಿಲ್ಲ.

ಗದಿಗೆವ್ವನ ಮನೆಗೂ ಮುತ್ತಣ್ಣನ ಮನೆಗೂ ನಡುವೆ ಒಂದೇ ಗೋಡೆ. ಬಳಗವಲ್ಲ, ಆದರೂ ಮುತ್ತಣ್ಣ ಅವಳನ್ನು ಚಿಗವ್ವ ಅನ್ನುತ್ತಿದ್ದ. ಚಿಕ್ಕಂದಿನಲ್ಲಿ ತಾಯಿ ಜಡ್ಡು ಬಿದ್ದಾಗ ಅವನು ಉಂಡಿದ್ದು, ಮಲಗಿದ್ದು, ಹೊಡೆಸಿಕೊಂಡಿದ್ದು ಎಲ್ಲ ಗೋಡೆಯ ಆಚೆಯೇ. ಗದಿಗೆವ್ವ ಒಬ್ಬಳೇ ಇದ್ದಳು. ಒಂದು ತುಂಡು ಹೊಲ, ಅದರಲ್ಲಿ ಹುರುಳಿ. ವರ್ಷದ ಸಾರು, ಬರುವ ವರ್ಷದ ಬೀಜ, ಮನೆಯ ಒಂಟಿ ಎತ್ತಿನ ಮೇವು, ಎಲ್ಲ ಅದರಲ್ಲೇ ಬರಬೇಕು.

ಅವಳು ಅಂಗಡಿಯ ಮುಂದೆ ನಿಂತು, ಚಹಾ ಕುಡಿಯುವವರೆಲ್ಲ ಕೇಳುವಂತೆ ಅಂದಳು:

"ಲೇ ಮುತ್ತ್ಯಾ, ನೀ ರಸ್ತೆ ಹಂಚಾಕತ್ತೀಯಂತ. ನನ್ನ ಜಾಗ ಲಾಡಸಾಬನ ಅಂಗಡಿ ಮುಂದ ಐತಿ, ನಾ ಅಲ್ಲೇ ಹಾಕಾಕಿ. ನಾಳೆ ಹಾಕ್ತೀನಿ, ತಿಳೀತೇನು?"

ಜನ ನಕ್ಕರು. ಮುತ್ತಣ್ಣ ಜಾಕೀಟಿನ ಪಟ್ಟಿ ಸರಿಮಾಡಿಕೊಂಡ.

"ನಾಳೆ ಆಗಂಗಿಲ್ಲ ಚಿಗವ್ವ. ಲೈನ್ ಐತಿ."

"ಯಾತರ ಲೈನಲೇ? ನಿನ್ನ ಕುಂಡಿ ತೊಳದ ಕೈ ಇವು. ಇವಕ್ಕ ಲೈನ್ ಹಚ್ಚತೀಯೇನು?"

ಈಗ ಜನ ಚಹಾ ಕೆಳಗಿಟ್ಟು ನಕ್ಕರು. ಆ ನಗೆಯಿಂದಾಗಿ ಗದಿಗೆವ್ವನ ಸರದಿ ಎಲ್ಲರಿಗಿಂತ ಕೊನೆಗೆ ಹೋಯಿತು.

"ಗುರುವಾರ ಹಾಕು," ಅಂದ ಮುತ್ತಣ್ಣ, ಮುಖ ಗಂಟಿಕ್ಕಿ. "ಅವತ್ತ ಗಾಡಿ ಭಾಳ. ಜವಾಬ್ದಾರಿ ನಂದು."

ಗದಿಗೆವ್ವ ಆಕಾಶ ನೋಡಿದಳು. "ಮೋಡ ಆಗಾಕತ್ತೈತಿ ನೋಡಪಾ," ಅಂದಳು. ಆದರೂ ಹೋದಳು. ತಾನು ಸಾಕಿದ ಹುಡುಗ ಜವಾಬ್ದಾರಿ ಎಂಬ ಮಾತು ಆಡಿದ್ದನ್ನು ಅವಳು ಮೊದಲ ಸಲ ಕೇಳಿದ್ದು. ದಾರಿಯಲ್ಲಿ ಇಬ್ಬರಿಗೆ ಹೇಳಿಯೂ ಹೇಳಿದಳು.

ಆ ವಾರವೇ ಡಾಂಬರಿನ ಕೆಲಸದವರು ಬಂದು ಊರ ಹೊರಗೆ ಜಲ್ಲಿ ಸುರಿದರು. ಅವರ ಮೇಸ್ತ್ರಿ ಸಿದ್ದಲಿಂಗೇಶ. ಅವನು ಜಾಕೀಟು ನೋಡಿ ಮುತ್ತಣ್ಣ ಇಲಾಖೆಯವನು ಎಂದುಕೊಂಡ. ಜಾಕೀಟು ಹಾಕಿಕೊಂಡು ಕೆಲಸ ಮಾಡದೆ ನಿಂತಿದ್ದನಾದ್ದರಿಂದ ಮೇಲಿನ ಇಲಾಖೆಯವನು ಎಂದುಕೊಂಡ.

"ಸರ್, ಜಲ್ಲಿ ಇಲ್ಲೇ ಇರ್ಲೇನ್ರಿ?"

"ಹೂಂ."

"ರೋಲರ್ ಗಿಡದ ನೆರಳಿಗೆ ನಿಂದರಸ್ಲೇನ್ರಿ?"

"ಹೂಂ."

"ಗುರುವಾರ ಕೆಲಸ ಶುರು ಮಾಡ್ತೀವ್ರಿ. ಅವತ್ತ ಊರಾಗ ಗಾಡಿ ಬಿಡೂದು ಬ್ಯಾಡ. ಎಲ್ಲಾ ಕೆರಿ ದಂಡಿ ಮ್ಯಾಲೆ ತಿರುವಿ ಬಿಡ್ತೀವಿ. ಆಗಬಹುದಲ್ರಿ?"

ಆ ಹೊತ್ತಿಗೆ ಸಿದ್ದಲಿಂಗೇಶನ ಕೆಲಸದವನೊಬ್ಬ ತಟ್ಟೆಯಲ್ಲಿ ಮಿರ್ಚಿ ಭಜಿ ತಂದಿಟ್ಟಿದ್ದ. ಸರ್ ಎಂದು ಕರೆದು ಯಾರೂ ಮುತ್ತಣ್ಣನಿಗೆ ಭಜಿ ಕೊಟ್ಟಿರಲಿಲ್ಲ. ಅವನು ಒಂದನ್ನು ಬಾಯಿಗಿಟ್ಟುಕೊಂಡು, ಖಾರಕ್ಕೆ ಕಣ್ಣು ಮುಚ್ಚಿ, "ಹೂಂ" ಅಂದ. ಈ ಸಲ ಏನು ಕೇಳಿದಿರಿ ಅನ್ನಲೂ ಇಲ್ಲ. ಅಧಿಕಾರಿಗಳು ಹಾಗೆ ಕೇಳುವುದಿಲ್ಲ.

ಗುರುವಾರ ಬೆಳಗಾಯಿತು. ಗದಿಗೆವ್ವ ಲಾಡಸಾಬನ ಅಂಗಡಿಯ ಮುಂದೆ ಹುರುಳಿ ಹರವಿದಳು. ಅಂಚಿಗೆ ಕಲ್ಲಿಟ್ಟಳು. ನೆರಳಿನಲ್ಲಿ ಕುಳಿತು ಗಾಡಿಯ ದಾರಿ ಕಾಯತೊಡಗಿದಳು.

ಗಾಡಿ ಬರಲಿಲ್ಲ.

ಮುಂಡರಗಿಯ ಬಸ್ಸಿಲ್ಲ, ಉಸುಕಿನ ಟಿಪ್ಪರ್ ಇಲ್ಲ, ಮೂರು ಗಾಲಿಯ ಟಂಟಂ ಕೂಡ ಇಲ್ಲ. ಹೆದ್ದಾರಿ ಹೋಳಿಗೆ ಉಂಡವನ ಹಾಗೆ ಮಲಗಿತ್ತು. ಎರಡು ನಾಯಿಗಳು ಹುರುಳಿಯ ಮೇಲೆ ಬಂದು ಸುತ್ತು ಹೊಡೆದು ಮೆತ್ತಗಿದೆ ಎಂದು ಒಪ್ಪಿಕೊಂಡು ಮಲಗಿದವು. ಮೂಡಣದಲ್ಲಿ ಮೋಡ ಕಪ್ಪಾಗುತ್ತಿತ್ತು.

"ಲೇ ಮುತ್ತ್ಯಾ, ನಿನ್ನ ಗಾಡಿ ಎಲ್ಲೆದಾವೋ?"

"ಬರ್ತಾವ ಚಿಗವ್ವ. ಮ್ಯಾಲಿಂದ ಬಿಟ್ಟಾರ."

ಲಾಡಸಾಬನಿಗೆ ಪಾಪ ಅನ್ನಿಸಿತು. ರಿಪೇರಿಗೆ ಬಂದಿದ್ದ ಸೈಕಲ್ಲೊಂದನ್ನು ಹುರುಳಿಯ ಮೇಲೆ ಹಿಂದೆ ಮುಂದೆ ಹೊಡೆದ. ನಾಯಿಗಳು ಎದ್ದವು, ಕಾಯಿ ಒಡೆಯಲಿಲ್ಲ. "ನನ್ನ ತೂಕಕ್ಕ ಒಡೀಲಿಲ್ಲ. ನೀವು ಕುಂದರ್ರಿ, ನಿಮ್ಮದು ಹುದ್ದೆದ ತೂಕ ಐತಿ," ಅಂದ. ಮುತ್ತಣ್ಣ ಹತ್ತಿ ಎರಡು ಸುತ್ತು ಹೊಡೆದ. ಬಳ್ಳಿ ಚೈನಿಗೆ ಸುತ್ತಿಕೊಂಡು ಬಿದ್ದ. ಊರು ನೋಡಿತು. ಮೇಲೆದ್ದು, ರಸ್ತೆಯ ಗುಣಮಟ್ಟ ಪರೀಕ್ಷಿಸಿದವನ ಹಾಗೆ ಡಾಂಬರನ್ನು ಕಾಲಿನಿಂದ ಒತ್ತಿ ನೋಡಿದ.

ಆಗ ಊರ ಹೊರಗಿನಿಂದ ಬಂದ ದನಗಾಹಿಯೊಬ್ಬ ಖಬರು ಹೇಳಿದ. ಗಾಡಿಗಳೆಲ್ಲ ಕೆರೆ ದಂಡೆಯ ಮೇಲೆ ಹೋಗುತ್ತಿವೆ. ಅಡ್ಡ ಇಟ್ಟ ಮೇಸ್ತ್ರಿ, ನಿಮ್ಮೂರ ಸರ್ ಒಪ್ಪಿದ್ದಾರೆ ಎಂದು ಹೇಳುತ್ತಿದ್ದಾನೆ.

ಊರು ಮುತ್ತಣ್ಣನ ಕಡೆ ತಿರುಗಿತು. ಮುತ್ತಣ್ಣನಿಗೆ ಭಜಿಯ ರುಚಿ ನೆನಪಾಯಿತು.

"ತಡೀರಿ," ಅಂದು ಊರ ಹೊರಗೆ ಓಡಿದ.

ಕೂಡುರಸ್ತೆಯಲ್ಲಿ ಸಿದ್ದಲಿಂಗೇಶ ಇರಲಿಲ್ಲ, ಡಾಂಬರು ಇನ್ನೂ ಬಂದಿಲ್ಲವೆಂದು ಆಳುಗಳ ಜೊತೆ ಊಟಕ್ಕೆ ಹೋಗಿದ್ದ. ಒಂದು ಡ್ರಮ್ಮು, ಅದಕ್ಕೆ ಕಟ್ಟಿದ ಜಾಲಿಯ ಮುಳ್ಳುಕಂಟಿ, ಇಷ್ಟೇ ಅಡ್ಡವಿತ್ತು. ಮುತ್ತಣ್ಣ ಡ್ರಮ್ಮನ್ನು ಉರುಳಿಸಿ ಕೆರೆಯ ದಾರಿಗೆ ಇಟ್ಟ. ರಸ್ತೆಯ ನಡುವೆ ನಿಂತು ಎರಡೂ ಕೈ ಬೀಸಿದ. ಕಿತ್ತಳೆ ಜಾಕೀಟು ಹಾಕಿಕೊಂಡು ಕೈ ಬೀಸುವವನನ್ನು ಈ ದೇಶದಲ್ಲಿ ಯಾವ ಚಾಲಕನೂ ಪ್ರಶ್ನಿಸುವುದಿಲ್ಲ. ಬಸ್ಸು ತಿರುಗಿತು, ಟಿಪ್ಪರ್ ತಿರುಗಿತು. ಬೆಟಗೇರಿಯಿಂದ ಸೀರೆ ಗಂಟು ಹೇರಿಕೊಂಡು ಬಂದ ಟೆಂಪೊ ತಿರುಗಿತು.

ಊರಲ್ಲಿ ಹುರುಳಿ ಚಟಪಟ ಸಿಡಿಯಿತು. ಗದಿಗೆವ್ವ ಎದ್ದು ನಿಂತಳು. "ಬಂದುವಲೇ, ಬಂದುವು! ಹೇಳಿದ್ದಿಲ್ಲೇನು? ಮುತ್ತ್ಯಾ ಮಾತು ಕೊಟ್ಟಿದ್ದ!" ಎಂದು ಪ್ರತಿ ಗಾಡಿಗೂ ಹೇಳಿದಳು. ಮೊರ ತರಲು ಮನೆಗೆ ಓಡಿದಳು. ಮುತ್ತಣ್ಣ ಹಿಂತಿರುಗಿ ಬಂದಾಗ ಜನ ದಾರಿ ಬಿಟ್ಟರು. ಅವನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ. ಅದು ಒಂದು ಜೀಪು ಬರುವ ತನಕ ಇತ್ತು.

ಜೀಪು ಹುರುಳಿಯ ನಡುವೆ ಬಂದು ಗುರ್ರ್ ಎಂದು ನಿಂತಿತು. ಬಳ್ಳಿ ಜೀಪಿನ ಅಡಿಯಲ್ಲಿ ತಿರುಗುವ ಕಂಬಿಗೆ ಹಗ್ಗದಂತೆ ಸುತ್ತಿಕೊಂಡು ಹೊಗೆಯಾಡುತ್ತಿತ್ತು. ಒಳಗಿನಿಂದ ಒಬ್ಬ ಎಂಜಿನಿಯರ್ ಇಳಿದರು. ಡಾಂಬರಿನ ಕೆಲಸ ನೋಡಲು ಬಂದವರು. ಹಿಂದೆ ಬಸ್ಸು, ಅದರ ಹಿಂದೆ ಲಾರಿ, ಎಲ್ಲವೂ ಹಾರ್ನ್ ಹಾಕತೊಡಗಿದವು. ಲಾಡಸಾಬ ಕುಡುಗೋಲು ಹಿಡಿದು ಜೀಪಿನ ಅಡಿಗೆ ಹೋದ.

"ಗಾಡಿ ಈ ಕಡೆ ಬಿಟ್ಟವರು ಯಾರು?" ಎಂಜಿನಿಯರ್ ಕೇಳಿದರು.

"ನಿಮ್ಮವರ ರೀ!" ಜೀಪಿನ ಅಡಿಯಿಂದ ಲಾಡಸಾಬ ಹೆಮ್ಮೆಯಿಂದ ಕೂಗಿದ.

"ನಮ್ಮವರಾ? ಈ ಹುರುಳಿ ಯಾರದು? ಹೆದ್ದಾರಿ ಮೇಲೆ ಒಕ್ಕಣೆ ಮಾಡ್ತೀರೇನು? ಹಾಕಿದವರ ಮೇಲೆ, ಹಾಕು ಅಂದವರ ಮೇಲೆ, ಇಬ್ಬರ ಮೇಲೂ ಕೇಸ್ ಹಾಕಸ್ತೀನಿ."

ಗದಿಗೆವ್ವ ಮೊರ ಹಿಡಿದು ಮುಂದೆ ಬಂದಳು. ಅವಳಿಗೆ ಹೆದರಿಕೆ ಇರಲಿಲ್ಲ. ಅವಳ ಬೆನ್ನಿಗೆ ಸರಕಾರವಿತ್ತು.

"ಹುರುಳಿ ನಂದ್ರೀ ಯಪ್ಪಾ. ಕೇಳಿ ಹಾಕೀನಿ. ನಿಮ್ಮಾಂವನ ಗುರುವಾರ ಹಾಕಂದಾನ. ಲೇ ಮುತ್ತ್ಯಾ, ಬಾ ಇತ್ಲಾಗ, ಹೇಳಿವರಿಗೆ."

ಎಲ್ಲರೂ ನೋಡಿದರು. ಮುತ್ತಣ್ಣ ಬಸ್ಸಿನ ಮರೆಯಲ್ಲಿ ಜಾಕೀಟು ಬಿಚ್ಚುತ್ತಿದ್ದ. ಒಂದು ತೋಳು ಇನ್ನೂ ಅದರೊಳಗೇ ಇತ್ತು.

"ಯಾರು ನೀವು?" ಎಂಜಿನಿಯರ್ ಕೇಳಿದರು.

"ನಾ... ದಾರಿಗುಂಟ ಹೊಂಟಾಂವ್ರಿ."

"ಈ ಅಜ್ಜಿಗೆ ಹುರುಳಿ ಹಾಕು ಅಂತ ನೀವು ಹೇಳಿದ್ದು ಖರೇನೇನು?"

ಜೀವಮಾನದಲ್ಲಿ ಮೊದಲ ಸಲ ಮುತ್ತಣ್ಣ ಹೂಂ ಅನ್ನಬೇಕಾದಲ್ಲಿ ಹೂಂ ಅನ್ನಲಿಲ್ಲ.

"ಇಲ್ರಿ."

"ಅಜ್ಜಿ ನಿಮ್ಮ ಹೆಸರು ಹಿಡಿದು ಕರದಳಲ್ರಿ?"

ಹಾರ್ನುಗಳು ನಿಂತಿದ್ದವು. ಚಹಾದಂಗಡಿಯಲ್ಲಿ ಸ್ಟವ್ ಕೂಡ ಆರಿತ್ತು.

"ನನಗಾಕಿ ಗುರ್ತಿಲ್ರಿ," ಅಂದ ಮುತ್ತಣ್ಣ.

ಗದಿಗೆವ್ವ ಮೊರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು. ಮುತ್ತಣ್ಣನನ್ನು ನೋಡಲಿಲ್ಲ. ಎಂಜಿನಿಯರರಿಗೆ ಕೈ ಮುಗಿದು, "ತಪ್ಪಾತ್ರಿ. ಮುದುಕಿ ಅದೀನಿ, ಕಣ್ಣು ಮಂಜು. ಬ್ಯಾರೆ ಯಾರನ್ನೋ ತಿಳಕೊಂಡಿದ್ದೆ," ಅಂದಳು.

ಎಂಜಿನಿಯರ್ ಕೆಟ್ಟವರಲ್ಲ. ಕೇಸು ಬಿಟ್ಟರು. ಈ ಕೂಡಲೇ ರಸ್ತೆ ಖಾಲಿಯಾಗಬೇಕು ಎಂದರು. ಜನ ಹುರುಳಿಗೆ ಕೈ ಹಾಕುವುದಕ್ಕೂ ಮಳೆ ಹನಿ ಬೀಳುವುದಕ್ಕೂ ಹೆಚ್ಚು ಅಂತರವಿರಲಿಲ್ಲ. ಬಸ್ಸಿನಿಂದ ಇಳಿದವರೂ ಸೆರಗಿನಲ್ಲಿ, ಟವಲಿನಲ್ಲಿ ತುಂಬಿದರು. ಎಷ್ಟು ತುಂಬಬಹುದು? ಒಡೆದ ಕಾಳು, ಹೊಟ್ಟು, ಬಳ್ಳಿ ಎಲ್ಲ ನೀರಿನ ಜೊತೆ ಇಳಿಜಾರಿಗೆ ಹೊರಟಿತು. ನಮ್ಮ ಹೆದ್ದಾರಿಯ ನೀರೆಲ್ಲ ಸೇರುವುದು ಮುತ್ತಣ್ಣನ ಮನೆಯ ಮುಂದಿನ ಗಟಾರಕ್ಕೆ. ಅದು ತುಂಬಿ ನಿಂತಿತ್ತಾದ್ದರಿಂದ ಗದಿಗೆವ್ವನ ಹುರುಳಿ ಮೆಟ್ಟಿಲು ಹತ್ತಿ ಅವನ ಹೊಸ್ತಿಲ ತನಕ ಬಂತು.

ಶಾರದವ್ವ ಜರಡಿ ತಂದು, ಮೆಟ್ಟಿಲ ಮೇಲೆ ಕುಳಿತು ಕಾಳು ಸೋಸಿ ಬುಟ್ಟಿಗೆ ಹಾಕತೊಡಗಿದಳು. ಅಂಗಡಿಯದೇ ಬುಟ್ಟಿ. ಗಂಡ ಒಳಗೆ ಬರಲು ದಾರಿ ಬಿಡಲಿಲ್ಲ.

ಮರುದಿನ ಮುತ್ತಣ್ಣ ಚಹಾದಂಗಡಿಯ ಮುಂದೆ ನಿಂತು, ತಾನು ಸರಕಾರದವನಲ್ಲ, ಟೇಪಿನ ತುದಿ ಹಿಡಿದವನು ಮಾತ್ರ ಎಂದು ಎಲ್ಲರಿಗೂ ಹೇಳಿದ. ಸಾಕ್ಷಿಗೆ ಜಾಕೀಟನ್ನೂ ತೋರಿಸಿದ. ಯಾರೂ ನಂಬಲಿಲ್ಲ. ಅಲ್ಲಿಯ ತನಕ ಒಬ್ಬಿಬ್ಬರಿಗೆ ಅನುಮಾನವಿತ್ತು, ನಿನ್ನೆ ಅದೂ ಹೋಗಿತ್ತು. ತಾನೇ ಹಾಕಿಸಿ, ಕೆಲಸ ಕೆಟ್ಟ ಮೇಲೆ ಗುರುತೇ ಇಲ್ಲ ಅನ್ನುವವನು ಅಧಿಕಾರಿಯಲ್ಲದೆ ಇನ್ನೇನು?

"ಹೌದ್ರಿ, ನೀವು ಅಲ್ರಿ," ಅಂದ ಲಾಡಸಾಬ, ಕಣ್ಣು ಹೊಡೆದು. ಎದ್ದು ಕುರ್ಚಿ ಬಿಟ್ಟುಕೊಟ್ಟ. ಹಂಪಿನ ವಿಷಯ ಮಾತ್ರ ಆಮೇಲೆ ಅವನು ಎತ್ತಲಿಲ್ಲ.

ಸಂಜೆ ಮುತ್ತಣ್ಣ ಗೋಡೆಯ ಆಚೆ ಹೋದ. ಗದಿಗೆವ್ವ ಅಂಗಳದಲ್ಲಿ ಒದ್ದೆ ಹುರುಳಿ ಹರವಿಕೊಂಡು ಕೆಟ್ಟ ಕಾಳು ಆರಿಸುತ್ತಿದ್ದಳು. ಕೆಲವು ಆಗಲೇ ಮೊಳಕೆ ಒಡೆದಿದ್ದವು. ಬೀಜಕ್ಕೆ ಬರುವಂಥದ್ದು ಒಂದು ಬೊಗಸೆಯೂ ಬೇರೆಯಾಗಿರಲಿಲ್ಲ. ಎತ್ತು ಹೊಟ್ಟನ್ನು ಮೂಸಿ ಬಿಟ್ಟಿತ್ತು.

"ಬರ್ರಿ," ಅಂದಳು. ಒಳಗಿನಿಂದ ಕಂಬಳಿ ತಂದು ಹಾಸಿದಳು. "ಮ್ಯಾಲೆ ಕುಂಡ್ರಿ. ನೆಲ ಹಸಿ ಐತಿ."

ಮುತ್ತಣ್ಣ ಹಸಿ ನೆಲದ ಮೇಲೆಯೇ ಕುಳಿತ. ಒಂದು ಹಿಡಿ ಕಾಳು ಎಳೆದುಕೊಂಡು ತಾನೂ ಆರಿಸತೊಡಗಿದ. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಅವನಿಗೆ ಕಾಣುತ್ತಿರಲಿಲ್ಲ. ಎರಡನ್ನೂ ಕೂಡಿಸಿ ಮತ್ತೆ ಆರಿಸಿದ. ಅವಳು ತಡೆಯಲಿಲ್ಲ, ತೋರಿಸಿಕೊಡಲೂ ಇಲ್ಲ.

ಕೈಯಲ್ಲಿದ್ದ ಕಾಳನ್ನು ಕೆಳಗಿಟ್ಟ.

"ಬೈ ಚಿಗವ್ವ. ಕಟಗೀ ತಗೊಂಡು ಹೊಡಿ. ನಾ ಸಣ್ಣಾಂವ ಇದ್ದಾಗ ಬೈತಿದ್ದಿ ನೋಡು, ಹಂಗ ಬೈ."

ಗದಿಗೆವ್ವ ಮೊರ ಕೊಡವಿ, ಹೊಟ್ಟು ಅವನ ಮೇಲೆ ಬೀಳದಂತೆ ಪಕ್ಕಕ್ಕೆ ತಿರುಗಿ ಊದಿದಳು.

"ಅಯ್ಯ, ಗುರ್ತಿಲ್ಲದ ಮಂದಿಗೆ ಬೈಯೂ ರೂಢಿ ನಮ್ಮ ಮನ್ಯಾಗಿಲ್ರಿ," ಅಂದಳು.